ಗಿಡ್ಡ ಪೆಟ್ಟಿಗೆ

ಹೆಡ್ಮಾಸ್ತರು ಬಂದಿಳಿದ ಮಾರನೆಯ ಬೆಳಿಗ್ಗೆಯೇ ಹುಂಜಕ್ಕೆ ಟಿ.ಸಿ. ಕೊಟ್ಟು ಕಳಿಸುವ ಮಾತು ಬಂತು.

"ಯಾವ ಕ್ಲಾಸಮ್ಮ ಇದು?" ಎಂದರು ಅವರು, ಹಿತ್ತಿಲ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತು. "ಇಷ್ಟು ಗಲಾಟೆ ಮಾಡೋ ಹುಡುಗನ್ನ ನನ್ನ ಸರ್ವೀಸಿನಲ್ಲೇ ನೋಡಿರಲಿಲ್ಲ. ಟಿ.ಸಿ. ಬರೆದು ಕೈಗೆ ಕೊಡಿ."

"ಇವನು ಫೇಲಾಗಿ ಫೇಲಾಗಿ ಇಲ್ಲೇ ಉಳಿದೋನು ಭಾವ. ಯಾವ ಸ್ಕೂಲಲ್ಲೂ ಸೇರಿಸ್ಕೊಳಲ್ಲ" ಎಂದು ಚಿಕ್ಕ ಸೊಸೆ ನುಚ್ಚು ಎರಚುತ್ತಲೇ ಉತ್ತರ ಕೊಟ್ಟಳು. ಎಲ್ಲರೂ ನಕ್ಕರು. ಅದು ತಮಾಷೆ ಎಂದೇ ಅವಳು ತಿಳಿದಿದ್ದಳು.

ಹೆಡ್ಮಾಸ್ತರು ಅವಳ ಗಂಡನ ಅಣ್ಣ. ನಿವೃತ್ತಿಯಾದ ವರ್ಷವೇ ಎದೆನೋವು ಬಂದು ಆಸ್ಪತ್ರೆ ಸೇರಿ ಎದ್ದು ಬಂದಿದ್ದರು. ವಿಶ್ರಾಂತಿ ಬೇಕು, ನಿದ್ರೆ ಬೇಕು, ಉಪ್ಪು ಕಡಿಮೆ ಮಾಡಬೇಕು, ಮೊಟ್ಟೆಯಲ್ಲಿ ಬಿಳಿ ಮಾತ್ರ ತಿನ್ನಬೇಕು ಎಂದು ಡಾಕ್ಟರು ಹೇಳಿದ್ದರು. ಸರ್ಕಾರಿ ಮನೆ ಖಾಲಿ ಮಾಡಿ, ಹೆಂಡತಿಯನ್ನು ಕರೆದುಕೊಂಡು, ಎರಡು ಕಬ್ಬಿಣದ ಪೆಟ್ಟಿಗೆ ಹೊರಿಸಿಕೊಂಡು ತಾಯಿಯ ಮನೆಗೆ ಬಂದಿದ್ದರು.

ಮನೆ ದೊಡ್ಡದೇನಲ್ಲ. ಬೀದಿಗೆ ತೆರೆದ ಒಂದು ಕೋಣೆ, ನಡುವೆ ಊಟದ ಮನೆ, ಪಕ್ಕದಲ್ಲಿ ಅಡುಗೆಮನೆ, ಹಿಂದುಗಡೆ ಹಿತ್ತಿಲ ಕಡೆ ಕಿಟಕಿಯಿದ್ದ ಇನ್ನೊಂದು ಕೋಣೆ. ಚಿಕ್ಕ ಮಗ ಬಡಗಿ. ಮನೆಯ ಮಗ್ಗುಲಿನ ತಗಡಿನ ಚಪ್ಪರವೇ ಅವನ ಕಾರ್ಖಾನೆ. ಹಿಂದಿನ ಕೋಣೆಯಲ್ಲಿ ಅವನು, ಅವನ ಹೆಂಡತಿ, ನಾಲ್ಕನೆಯ ಕ್ಲಾಸಿನ ಮಗಳು ಮಲಗುತ್ತಿದ್ದರು.

"ಭಾವನಿಗೆ ಮುಂದಿನ ಕೋಣೆ ಕೊಡೋಣ ಅತ್ತೆ. ಹಿಂದೆ ಕೋಳಿ ಸದ್ದು ಜಾಸ್ತಿ" ಎಂದು ಅವರು ಬರುವ ಮೊದಲೇ ಚಿಕ್ಕ ಸೊಸೆ ಹೇಳಿದ್ದಳು.

"ದೊಡ್ಡೋನು ಹುಟ್ಟಿ ಬೆಳೆದದ್ದು ಹಿಂದಿನ ಕೋಣೇಲಿ" ಎಂದಿದ್ದರು ಅತ್ತೆ. "ಕಾಯಿಲೆ ಮನುಷ್ಯನ್ನ ಬೀದಿಗೆ ಹಾಕ್ತೀಯಾ?"

ಹಾಗೆ ಬಡಗಿಯ ಸಂಸಾರ ಮುಂದಿನ ಕೋಣೆಗೆ ಬಂತು.

ಹಿತ್ತಿಲಿನ ಕೋಳಿಗಳು ಚಿಕ್ಕ ಸೊಸೆಯವು. ಮಗಳು ಹುಟ್ಟಿ ಬಾಣಂತಿಯಾಗಿದ್ದಾಗ ಬೀದಿ ಕೊನೆಯ ಟೀ ಅಂಗಡಿಯವಳು ಒಂದು ಹೇಂಟೆಯನ್ನು ಬುಟ್ಟಿಯಲ್ಲಿಟ್ಟು ತಂದುಕೊಟ್ಟಿದ್ದಳು. ಆ ಒಂದರಿಂದ ಇಷ್ಟಾಗಿದ್ದವು: ಕರಿ, ಬಿಳಿ, ಚುಕ್ಕಿ, ಕತ್ತಿನಲ್ಲಿ ಪುಕ್ಕವೇ ಇಲ್ಲದ ಒಂದು ಬೋಳಿ. ಅಕ್ಕಪಕ್ಕದ ಹೆಂಗಸರು ಕಾವಿಗೆ ಇಡಲು ಮೊಟ್ಟೆ ಬೇಕೆಂದರೆ ಇವಳ ಹತ್ತಿರವೇ ಬರುತ್ತಿದ್ದರು. ಏಕೆಂದರೆ ಹುಂಜಗಳಿದ್ದದ್ದು ಇವಳ ಹಿತ್ತಿಲಲ್ಲಿ ಮಾತ್ರ. ದೊಡ್ಡ ಕೆಂಪು ಹುಂಜ ಹೊಟ್ಟೆ ಮುಂದೆ ಮಾಡಿಕೊಂಡು ನಡೆಯುವುದಕ್ಕೆ ಸಾಹುಕಾರ ಎಂದು ಹೆಸರು. ಅದರ ಮಗ, ಗಂಟಲು ಒಡೆದು ಗೊಗ್ಗರು ದನಿಯಲ್ಲಿ ಕೂಗುವುದು, ಗೊಗ್ಗಯ್ಯ. ಸಾಹುಕಾರನಿಗೆ ಒಂದು ಅಭ್ಯಾಸ. ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ ಹತ್ತಿ, ಎರಡು ಸಲ ರೆಕ್ಕೆ ಬಡಿದು, ಕತ್ತನ್ನು ಆಕಾಶಕ್ಕೆ ಚಾಚಿ ಕೂಗಿದರೇನೇ ಅದಕ್ಕೆ ಸಮಾಧಾನ. ಆ ಹೊಸ್ತಿಲಿನಿಂದ ಹೆಡ್ಮಾಸ್ತರ ಕಿಟಕಿಗೆ ಕೈಚಾಚುವಷ್ಟೇ ದೂರ.

ಮೊದಲ ವಾರ ಅತ್ತೆ ರೇಡಿಯೋ ನಿಲ್ಲಿಸಿದರು. ಎರಡನೆಯ ವಾರ ಕುಕ್ಕರಿನ ಸೀಟಿ ನಿಂತಿತು. ಬೇಳೆ ಪಾತ್ರೆಯಲ್ಲಿ ಬೇಯತೊಡಗಿ ಸೌದೆ ಎರಡರಷ್ಟು ಖರ್ಚಾಯಿತು. ಮಗಳು ಮಗ್ಗಿಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕಾಯಿತು. ಆಮೇಲೆ ಒಂದು ಮಧ್ಯಾಹ್ನ ಹೆಡ್ಮಾಸ್ತರು ಚಪ್ಪರಕ್ಕೆ ಬಂದು ತಮ್ಮನ ಬೆನ್ನ ಮೇಲೆ ಕೈಯಿಟ್ಟು, "ಸುತ್ತಿಗೆ ಕೆಲಸ ಸಂಜೆಗೆ ಇಟ್ಕೊಳೋ. ಹಗಲು ಉಜ್ಜೋದು ಗಿಜ್ಜೋದು ಮಾಡ್ಕೊ" ಎಂದರು. ದನಿಯಲ್ಲಿ ಗದರಿಕೆ ಇರಲಿಲ್ಲ. ಬಡಗಿ ಸುತ್ತಿಗೆಯನ್ನು ಕೆಳಗಿಟ್ಟ.

ಅವನು ಅಣ್ಣನ ಮುಂದೆ ಹೀಗೆಯೇ. ಓದು ಹತ್ತದೆ ಶಾಲೆ ಬಿಟ್ಟಾಗ ಅಪ್ಪ ಬೆಲ್ಟು ಬಿಚ್ಚಿದ್ದರು. ಆಗಿನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ್ದ ಅಣ್ಣ ಅಡ್ಡ ಬಂದು, "ಅವನ ಕೈಗೆ ಬೇರೆ ವಿದ್ಯೆ ಇದೆ" ಎಂದು ಹೇಳಿ, ಮೊದಲ ಸಂಬಳದಲ್ಲಿ ಉಳಿಗಳ ಒಂದು ಸೆಟ್ಟು ಕೊಡಿಸಿದ್ದರು. ಆ ಉಳಿಗಳನ್ನು ಬಡಗಿ ಈಗಲೂ ಎಣ್ಣೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದ.

ಊಟದ ಹೊತ್ತಿಗೆ ಮಾತು ಮತ್ತೆ ಹುಂಜಕ್ಕೆ ಬಂತು.

"ಎರಡು ಹುಂಜ ಯಾಕಮ್ಮ? ಒಂದಾದರೂ ಯಾಕೆ?" ಎಂದರು ಹೆಡ್ಮಾಸ್ತರು. "ಹುಂಜ ಇಲ್ಲದೇನೂ ಕೋಳಿ ಮೊಟ್ಟೆ ಇಡುತ್ತೆ. ಇದು ವಿಜ್ಞಾನ."

"ಇಡುತ್ತೆ ಭಾವ. ಮರಿ ಆಗಲ್ಲ."

"ಮರಿ ಯಾಕೆ?"

"ಈಗಿರೋ ಕೋಳಿಗೆ ವಯಸ್ಸಾಗುತ್ತಲ್ಲ, ಅದಕ್ಕೆ. ಬೀದೀಲಿ ಯಾರ ಮನೇಲಿ ಮರಿ ಆದ್ರೂ ಅದು ಈ ಹಿತ್ತಿಲಿಂದ ಹೋದ ಮೊಟ್ಟೆ. ಹುಂಜ ಹೋದ್ರೆ ಇನ್ನೆರಡು ವರ್ಷಕ್ಕೆ ನಂದು ಖಾಲಿ ಬುಟ್ಟಿ."

"ಒಂದನ್ನ ಅಡುಗೆ ಮಾಡಿಬಿಡೇ" ಎಂದರು ಅತ್ತೆ, ರೊಟ್ಟಿ ಮುರಿಯುತ್ತ. "ದೊಡ್ಡೋನಿಗೂ ಬಾಯಿ ರುಚಿ ಕೆಟ್ಟಿದೆ."

"ಮಾಡ್ತೀನಿ ಅತ್ತೆ. ನನ್ನ ಕೈ ಕಾಲು ಬಿದ್ದ ಮೇಲೆ."

"ನೋಡಿದ್ಯಾ ಇವಳ ಬಾಯಿ! ನಿನಗೆ ಅವನು ಹೆಚ್ಚೋ, ಕೋಳಿ ಹೆಚ್ಚೋ?"

"ಭಾವ ಹೆಚ್ಚು. ಅದಕ್ಕೇ ಮುಂದಿನ ಕೋಣೆ ಅಂದೆ. ಈಗಲೂ ಮಂಚ ಎತ್ತಿ ಹಾಕ್ತೀನಿ, ಹೇಳಿ."

"ಬೀದೀಲಿ ಹೋಗೋರೆಲ್ಲ ಕಿಟಕೀಲಿ ಇಣುಕಿ 'ಏನ್ ಸಾರ್, ಹೇಗಿದೀರಿ ಸಾರ್' ಅಂತಾರೆ" ಎಂದರು ಹೆಡ್ಮಾಸ್ತರು. "ನನಗಾಗಲ್ಲ."

ದೊಡ್ಡ ಸೊಸೆ, ಅಂದರೆ ಹೆಡ್ಮಾಸ್ತರ ಹೆಂಡತಿ, ತಟ್ಟೆಯಿಂದ ತಲೆ ಎತ್ತಲಿಲ್ಲ. ಆಕೆ ಮಾತಾಡುವುದೇ ಅಪರೂಪ. ಮದುವೆಯಾದಾಗಿನಿಂದ ಮನೆಯಲ್ಲೂ ಒಂದು ಕ್ಲಾಸ್ ರೂಮಿನಲ್ಲಿ ಕೂತಂತೆ ಕೂತವರು.

ಬಡಗಿ ನೀರು ಕುಡಿದು ಎದ್ದು ಹೋದ.

ಪೆಟ್ಟಿಗೆಯ ಉಪಾಯ ಹೆಡ್ಮಾಸ್ತರದೇ. ಹುಂಜ ಕೂಗಬೇಕಾದರೆ ಕತ್ತು ಚಾಚಲೇಬೇಕು, ಕತ್ತೆತ್ತಲು ಜಾಗವಿಲ್ಲದ ಗಿಡ್ಡ ಪೆಟ್ಟಿಗೆಯಲ್ಲಿ ಕೂರಿಸಿದರೆ ದನಿಯೇ ಹೊರಡುವುದಿಲ್ಲ ಎಂದು ಅವರು ಎಲ್ಲೋ ಓದಿದ್ದರು. "ಸಾಯಿಸೋದು ಬೇಡ, ಓಡಿಸೋದು ಬೇಡ. ರಾತ್ರಿ ಹಾಕೋದು, ನಾನು ಎದ್ದ ಮೇಲೆ ಬಿಡೋದು. ಇದಕ್ಕಿಂತ ನ್ಯಾಯ ಇದೆಯಾ?" ಎಂದರು. ಅವರ ಮಟ್ಟಿಗೆ ಅದು ನಿಜವಾಗಿಯೂ ನ್ಯಾಯವೇ. ರಾತ್ರಿಯೆಲ್ಲ ಹೊರಳಾಡಿ ಬೆಳಗಿನ ಜಾವ ಕಣ್ಣು ಹತ್ತುವ ಹೊತ್ತಿಗೇ ಸಾಹುಕಾರ ಹೊಸ್ತಿಲು ಹತ್ತುತ್ತಿತ್ತು. ಅವರ ಕಣ್ಣ ಕೆಳಗೆ ಕಪ್ಪಾಗಿದ್ದದ್ದನ್ನು ಚಿಕ್ಕ ಸೊಸೆಯೂ ನೋಡಿದ್ದಳು.

ಅಳತೆಗೆಂದು ಬಡಗಿ ಟೇಪು ಹಿಡಿದು ಹಿತ್ತಿಲಿಗೆ ಬಂದ.

"ಹಿಡ್ಕೊ ಅದನ್ನ" ಎಂದ ಹೆಂಡತಿಗೆ.

"ನಾನು ಹಿಡಿಯಲ್ಲ."

"ಲೇ, ಅಳತೆಗೆ ಅಷ್ಟೆ."

"ಗೊತ್ತು ಯಾವ ಅಳತೆ ಅಂತ. ನನ್ನ ಕೈಯಿಂದ ಹಿಡಿಯಲ್ಲ ಅಂದ್ರೆ ಹಿಡಿಯಲ್ಲ."

ಕೊನೆಗೆ ಅತ್ತೆಯೇ ಸೆರಗು ಬಿಗಿದು ಸಾಹುಕಾರನನ್ನು ಹಿಡಿದರು. "ತಲೆ ಒತ್ತಿ ಹಿಡಿಯಮ್ಮ. ಬೆನ್ನಿನ ಮಟ್ಟ ಬರಲಿ" ಎಂದು ಹೆಡ್ಮಾಸ್ತರು ಹೇಳಿಕೊಟ್ಟರು. ಹಾಗೆ ಒತ್ತಿ ಹಿಡಿದ ಹುಂಜವನ್ನು ಬಡಗಿ ಅಳೆದ.

ಪೆಟ್ಟಿಗೆ ಅಚ್ಚುಕಟ್ಟಾಗಿತ್ತು. ಅವನು ಮಾಡಿದ್ದು ಯಾವುದು ಅಚ್ಚುಕಟ್ಟಾಗಿಲ್ಲ? ಮೂಲೆ ಕೂಡಿದಲ್ಲಿ ಉಗುರು ಕೂಡ ಹೋಗುತ್ತಿರಲಿಲ್ಲ. ಸಂಜೆ ಅತ್ತೆ ಎರಡೂ ಹುಂಜಗಳನ್ನು ಒಳಗೆ ತಳ್ಳಿ ಮುಚ್ಚಳ ಹಾಕಿದರು. ಗೊಗ್ಗಯ್ಯ ಅವರ ಹೆಬ್ಬೆರಳು ಕುಕ್ಕಿತು.

"ಅಯ್ಯೋ ನಿನ್ನ ಮನೆ ಹಾಳಾಗ!"

"ಅದರ ಮನೆ ಹಾಳಾಯ್ತಲ್ಲ ಅಜ್ಜಿ ಈಗ" ಎಂದಳು ಮೊಮ್ಮಗಳು. ತಲೆಗೊಂದು ಮೊಟಕು ಬಿತ್ತು.

ಬೆಳಿಗ್ಗೆ ಮನೆ ನಿಶ್ಶಬ್ದವಾಗಿತ್ತು. ಪೆಟ್ಟಿಗೆಯೊಳಗಿಂದ ಯಾರೋ ಕೆಮ್ಮನ್ನು ನುಂಗಿಕೊಂಡಂತೆ ಒಂದು ಸಣ್ಣ ಸದ್ದು, ಅಷ್ಟೆ. ಹೆಡ್ಮಾಸ್ತರು ಬಿಸಿಲೇರುವವರೆಗೂ ಮಲಗಿ, ಮುಖ ಅರಳಿಸಿಕೊಂಡು ಎದ್ದು ಬಂದರು. ಎರಡು ಮೊಟ್ಟೆಯ ಬಿಳಿ ತಿಂದು, ಎಂದಿನಂತೆ ಎರಡೂ ಹಳದಿಯನ್ನು ಹುಡುಗಿಯ ತಟ್ಟೆಗೆ ಹಾಕಿದರು. ಯಾರೂ ಹೇಳದಿದ್ದರೂ ಅವರು ದಿನವೂ ಹಾಗೆ ಮಾಡುತ್ತಿದ್ದರು.

ಚಿಕ್ಕ ಸೊಸೆ ಗಂಡನ ಜೊತೆ ಮಾತು ಬಿಟ್ಟಳು. ಅವನ ತಟ್ಟೆಗೆ ಅನ್ನ, ಬೇಳೆ, ಸೊಪ್ಪು, ಮಜ್ಜಿಗೆ ಎಲ್ಲವನ್ನೂ ಒಂದೇ ಸಲಕ್ಕೆ ಸುರಿದು ಎದುರಿಗಿಟ್ಟು ಹೊರಟುಹೋಗುತ್ತಿದ್ದಳು. ಮೊದಲು ಒಂದೊಂದಾಗಿ ಬಡಿಸಿ, ಮುಗಿಯುವುದನ್ನು ಕಾದು, ಮತ್ತೆ ಕೇಳುತ್ತಿದ್ದವಳು. ಅವನು ಎಲ್ಲ ಕಲೆಸಿದ್ದನ್ನು ತಲೆ ತಗ್ಗಿಸಿ ತಿಂದು ಎದ್ದು ಹೋಗುತ್ತಿದ್ದ.

ನಾಲ್ಕು ದಿನ ಕಳೆದ ಮೇಲೆ ಪೆಟ್ಟಿಗೆ ತೆರೆದಾಗ ಸಾಹುಕಾರನ ಜುಟ್ಟು ತರಚಿ ರಕ್ತ ಬಂದಿತ್ತು. ಹಲಗೆಯ ಒಳಮೈಯಲ್ಲೂ ಕಲೆ. ಚಿಕ್ಕ ಸೊಸೆ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ನೆಟ್ಟಗೆ ಊಟದ ಮನೆಗೆ ಬಂದು ಹೆಡ್ಮಾಸ್ತರ ಎದುರು ನಿಂತಳು.

"ನೋಡಿ ಭಾವ."

ಅವರು ನೋಡಿದರು. ಕೈಯಲ್ಲಿದ್ದ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟರು. ನಿಜಕ್ಕೂ ನೊಂದುಕೊಂಡಂತೆ, "ಅಯ್ಯೋ ಪಾಪ. ಮುಚ್ಚಳದ ಒಳಗೆ ಗೋಣಿ ಹೊಡೆಯಕ್ಕೆ ಹೇಳಮ್ಮ. ಮೆತ್ತಗಾಗುತ್ತೆ" ಎಂದರು.

"ಮೆತ್ತಗಾಗುತ್ತೆ. ಎತ್ತರ ಆಗಲ್ವಲ್ಲ ಭಾವ."

"ಊಟದ ಮನೆಗೆ ಕೋಳಿ ತರ್ತಾಳೆ!" ಎಂದು ಅತ್ತೆ ಒಳಗಿನಿಂದ ಕೂಗಿದರು.

"ಕೋಳಿ ಒಳಗೆ ಬರೋದು ಬೇಡ ಅಂದ್ರೆ ಮೊಟ್ಟೆನೂ ಒಳಗೆ ಬರೋದು ಬೇಡ ಅತ್ತೆ" ಎಂದಳು ಚಿಕ್ಕ ಸೊಸೆ. "ಇವತ್ತಿಂದ ಬರಲ್ಲ."

ಮಾತಿಗೆ ತಪ್ಪಲಿಲ್ಲ. ಅಂದಿನಿಂದ ಮೊಟ್ಟೆಯೆಲ್ಲ ಟೀ ಅಂಗಡಿಗೆ ಹೋಯಿತು. ಹೆಡ್ಮಾಸ್ತರ ಮುಂದೆ ಗಂಜಿ ಬಂತು. ಅತ್ತೆ ಸಿಡುಕುತ್ತ ಟೀ ಅಂಗಡಿಗೇ ಹೋಗಿ ಸೊಸೆಯ ಕೋಳಿಗಳ ಮೊಟ್ಟೆಯನ್ನು ದುಡ್ಡು ಕೊಟ್ಟು ತಂದರು. ಅಂಗಡಿಯವಳು ನಗು ತಡೆಯಲಾರದೆ ಒಲೆಯ ಕಡೆ ತಿರುಗಿದಳೆಂದು ಮೊಮ್ಮಗಳು ಬಂದು ವರದಿ ಒಪ್ಪಿಸಿದಳು.

"ನಿನಗೂ ಹಳದಿ ಸಿಗಲ್ಲ ಇನ್ಮೇಲೆ, ಅಷ್ಟು ನಗಬೇಡ" ಎಂದಳು ತಾಯಿ.

"ಸಿಕ್ತಲ್ಲ. ದೊಡ್ಡಪ್ಪ ಇವತ್ತೂ ಕೊಟ್ರು. ಅಜ್ಜಿ ದುಡ್ಡಿಂದು ಇನ್ನೂ ರುಚಿ."

ಪೆಟ್ಟಿಗೆಗೆ ಗೋಣಿ ಬಂತು. ಅದರ ಹಿಂದೆಯೇ ಇನ್ನೊಂದು ಬೇಡಿಕೆಯೂ ಬಂತು. ಹೆಡ್ಮಾಸ್ತರಿಗೆ ಮಧ್ಯಾಹ್ನವೂ ಒಂದು ನಿದ್ರೆ ಅಭ್ಯಾಸವಾಗಿತ್ತು. ಊಟ ಮುಗಿದ ಕೂಡಲೇ ಅತ್ತೆ ಹುಂಜಗಳನ್ನು ಅಟ್ಟಿಕೊಂಡು ಹೋಗಿ ಪೆಟ್ಟಿಗೆಗೆ ಹಾಕತೊಡಗಿದರು. ಹೊಲಿಗೆ, ಬಟ್ಟೆ, ಪಾತ್ರೆಗಳ ನಡುವೆ ಚಿಕ್ಕ ಸೊಸೆ ಬಂದು ಬಂದು ಹಿತ್ತಿಲು ನೋಡುತ್ತಿದ್ದಳು. ಮೊದಲೆಲ್ಲ ಆಕಾಶದಲ್ಲಿ ಏನಾದರೂ ತೇಲಿದರೆ ಸಾಹುಕಾರ ಗಂಟಲಲ್ಲೇ ಗುರುಗುಟ್ಟುತ್ತಿತ್ತು, ಮರಿಗಳೆಲ್ಲ ಸೀಬೆ ಗಿಡದ ಬುಡಕ್ಕೆ ಓಡುತ್ತಿದ್ದವು. ಈಗ ಕಾವಲು ಅವಳದೇ. ಒಂದು ಮಧ್ಯಾಹ್ನ ಕೈಗೆ ಸೋಪಿನ ನೊರೆ ಮೆತ್ತಿಕೊಂಡಿದ್ದಾಗ ಹೇಂಟೆಯ ಕೂಗು ಕೇಳಿ ಓಡಿ ಬಂದಳು. ಹದ್ದು ತೆಂಗಿನ ತಲೆಯ ಮೇಲೆ ಹಾರಿ ಹೋಗಿತ್ತು. ಬೋಳಿಯ ಮರಿಗಳಲ್ಲಿ ಎರಡು ಇರಲಿಲ್ಲ. ಬೋಳಿ ರೆಕ್ಕೆ ಕೆದರಿಕೊಂಡು ಸುತ್ತುತ್ತಿತ್ತು. ಪೆಟ್ಟಿಗೆಯ ಹಲಗೆಗೆ ಒಳಗಿನಿಂದ ಯಾರೋ ತಲೆ ಗುದ್ದುತ್ತಿದ್ದರು.

ಅವಳು ಅಳಲಿಲ್ಲ. ನೊರೆ ಕೈಯಲ್ಲೇ ಮುಚ್ಚಳ ತೆಗೆದು ಹುಂಜಗಳನ್ನು ಬಿಟ್ಟಳು. ಸಾಹುಕಾರ ನೇರವಾಗಿ ಹೊಸ್ತಿಲು ಹತ್ತಿ ಕೂಗಿತು. ಒಳಗೆ ಮಂಚ ಕಿರುಗುಟ್ಟಿತು.

"ಯಾರು ಬಿಟ್ಟಿದ್ದು?"

"ನಾನು!" ಎಂದು ಅವಳೂ ಅಷ್ಟೇ ಗಟ್ಟಿಯಾಗಿ ಹೇಳಿದಳು.

ಅಂದು ಸಂಜೆ ಎಲ್ಲರೂ ಊಟದ ಮನೆಯಲ್ಲಿ ಸೇರಿದರು. ಹೆಡ್ಮಾಸ್ತರು ಕೋಪದಲ್ಲಿರಲಿಲ್ಲ. ಅದೇ ಕಷ್ಟ. ತೀರ್ಪು ಓದುವವರಂತೆ ಶಾಂತವಾಗಿ ಮಾತಾಡಿದರು. "ದಿನಾ ಹಾಕೋದು, ಬಿಡೋದು, ಜಗಳ. ಇದು ಬೇಡ. ಒಂದು ಉದ್ದನೆ ಪೆಟ್ಟಿಗೆ ಮಾಡೋ. ಮುಂದೆ ಜಾಲರಿ ಇರಲಿ, ಕಾಳು ನೀರು ಅಲ್ಲೇ. ಎತ್ತರ ಮಾತ್ರ ಅಷ್ಟೇ ಇರಲಿ. ಅವು ಅಲ್ಲೇ ಇರಲಿ, ಹೇಂಟೆಗಳನ್ನೂ ಬೇಕಾದಾಗ ಅಲ್ಲಿಗೇ ಬಿಡ್ಲಿ. ಮರಿನೂ ಆಗುತ್ತೆ, ಮನೇನೂ ಸುಮ್ನಿರುತ್ತೆ."

"ಅಂದ್ರೆ ಇನ್ನು ಅವು ಹೊರಗೇ ಬರೋ ಹಾಗಿಲ್ಲ" ಎಂದಳು ಚಿಕ್ಕ ಸೊಸೆ.

"ಒಳಗೆ ಏನು ಕಮ್ಮಿಯಮ್ಮ? ಕಾಳಿದೆ, ನೀರಿದೆ, ನೆರಳಿದೆ."

"ಕೇಳಿ ಭಾವ. ಆ ಪೆಟ್ಟಿಗೇಲಿ ಹುಂಜ ತಲೆ ತಗ್ಗಿಸಿ ಕೂತ ದಿನ, ಈ ಮನೆ ಒಲೆ ನಾನು ಹಚ್ಚಲ್ಲ. ಚಾಪೆ ತಗೊಂಡು ಚಪ್ಪರಕ್ಕೆ ಹೋಗ್ತೀನಿ. ನನ್ನ ಅಡುಗೆ ನಾನು ಮೂರು ಕಲ್ಲಿಟ್ಟು ಮಾಡ್ಕೋತೀನಿ. ಬೇಕಾದ್ರೆ ಬೀದಿಯೋರೆಲ್ಲ ನೋಡ್ಲಿ."

"ಹೆದರಿಸ್ತಾಳೆ!" ಎಂದು ಅತ್ತೆ ಎದೆ ಮುಟ್ಟಿಕೊಂಡರು. "ಚಿಕ್ಕೋನೇ, ನಿನ್ನ ಹೆಂಡತಿಗೆ ಹೇಳೋ."

ಬಡಗಿ ಕಿವಿಯ ಹಿಂದಿನ ಪೆನ್ಸಿಲನ್ನು ತೆಗೆದು ನೋಡಿ ಮತ್ತೆ ಅಲ್ಲೇ ಸಿಕ್ಕಿಸಿದ. "ಪೆಟ್ಟಿಗೆ ತಾನೆ ಅಣ್ಣ. ಮಾಡ್ತೀನಿ" ಎಂದ.

ಅವಳು ಅವನ ಹಿಂದೆಯೇ ಚಪ್ಪರಕ್ಕೆ ಹೋದಳು. ಬಹಳ ದಿನಗಳ ಮೇಲೆ ಆಡಿದ ಮಾತು ಅದು.

"ರೀ, ನಿಮ್ಮ ಸುತ್ತಿಗೆನೂ ಪೆಟ್ಟಿಗೇಲಿ ಹಾಕಿದಾರೆ. ಗೊತ್ತಾಗ್ಲಿಲ್ವಾ?"

ಅವನು ಹಲಗೆಯ ಧೂಳನ್ನು ಅಂಗೈಯಿಂದ ಒರೆಸುತ್ತಿದ್ದ. ಆ ವಾರ ಮಾಡಿ ಕೊಡಬೇಕಿದ್ದ ಎರಡು ಬಾಗಿಲಿನ ಕೆಲಸ ಮುಗಿಯದೆ ಬೇರೆಯವನ ಪಾಲಾಗಿತ್ತು.

"ಹೋಗಿ ಮಲಗು" ಎಂದ, ಮೆಲ್ಲಗೆ.

ಮರುದಿನ ಬೆಳಕು ಹರಿಯುವ ಹೊತ್ತಿಗೇ ಅವಳು ಹಿತ್ತಿಲಿಗೆ ಬಂದಾಗ ಅಲ್ಲಿ ದೊಡ್ಡ ಸೊಸೆ ಒಬ್ಬರೇ ಕಲ್ಲಿನ ಮೇಲೆ ಕೂತಿದ್ದರು. ಮಡಿಲಲ್ಲಿ ನುಚ್ಚು. ಹೇಂಟೆಗಳು ಕಾಲಿನ ಸುತ್ತ.

"ಅಕ್ಕ, ಇಷ್ಟು ಹೊತ್ತಿಗೇ ಎದ್ರಾ?"

"ನಾನು ಮಲಗಿದ್ರೆ ತಾನೆ ಏಳೋದು" ಎಂದರು ಅವರು. ಮಾತು ನುಚ್ಚಿನಂತೆ ಸ್ವಲ್ಪ ಸ್ವಲ್ಪವೇ ಬಿತ್ತು. "ಆಸ್ಪತ್ರೆಯಿಂದ ಬಂದಾಗಿಂದ ರಾತ್ರಿಯೆಲ್ಲ ಅವರ ಉಸಿರು ಕೇಳ್ತಾ ಮಲಗಿರ್ತೀನಿ. ನಿಂತುಬಿಟ್ರೆ ಅಂತ. ನಿನ್ನ ಹುಂಜ ಕೂಗಿದ್ರೆ ಸಾಕು, ಇವತ್ತಿಗೆ ಗೆದ್ದೆ ಅನ್ಸೋದು. ಆಮೇಲೆ ನಂಗೊಂದು ಜೊಂಪು ಬರ್ತಿತ್ತು. ಈಗ ಬೆಳಗಾದದ್ದೇ ಗೊತ್ತಾಗಲ್ಲ."

"ಭಾವನ ಹತ್ರ ಹೇಳಲಿಲ್ವಾ?"

"ಇಷ್ಟು ವರ್ಷ ಏನು ಹೇಳಿದೀನಿ, ಇದನ್ನ ಹೇಳಕ್ಕೆ?" ಎಂದು ನಕ್ಕರು. ಮಡಿಲಲ್ಲಿ ಉಳಿದ ನುಚ್ಚು ಕೊಡವಿ, "ನೀನು ಚಪ್ಪರದಲ್ಲಿ ಒಲೆ ಹೂಡಿದ್ರೆ, ನನ್ನ ತಟ್ಟೇನೂ ತರ್ತೀನಿ" ಎಂದರು.

ಚಿಕ್ಕ ಸೊಸೆ ಅವರ ಪಕ್ಕದಲ್ಲಿ ಕೂತು ತನ್ನ ಶಾಲಿನ ಅರ್ಧವನ್ನು ಅವರ ಹೆಗಲಿಗೆ ಹೊದೆಸಿದಳು.

ಆ ವಾರ ಚಪ್ಪರದಿಂದ ಉಜ್ಜುವ ಸದ್ದು ಮಾತ್ರ ಬಂತು. ಬಡಗಿ ಎರಡು ಮೂರು ಸಲ ಹಿತ್ತಿಲ ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದದ್ದನ್ನು ಅವಳು ನೋಡಿದಳು. ಆ ಬಾಗಿಲಿನ ಚೌಕಟ್ಟಿನಲ್ಲಿ ಮಗಳ ಎತ್ತರದ ಗೆರೆಗಳಿದ್ದವು. ಪ್ರತಿ ಹುಟ್ಟಿದ ದಿನಕ್ಕೂ ಅವನು ಅವಳನ್ನು ನಿಲ್ಲಿಸಿ ಪೆನ್ಸಿಲಿನಿಂದ ಎಳೆದ ಗೆರೆಗಳು. ಒಂದು ಸಂಜೆ ಕಸ ಗುಡಿಸುವಾಗ ಎಲ್ಲಕ್ಕಿಂತ ಕೆಳಗೆ, ಮಂಡಿಗಿಂತ ತುಸು ಮೇಲೆ, ಹೊಸ ಗೆರೆಯೊಂದು ಕಂಡಿತು. ಸೊಳ್ಳೆ ಬಲೆಗೋ ಏನಕ್ಕೋ ಗುರುತು ಹಾಕಿರಬೇಕು ಎಂದುಕೊಂಡಳು. ಕೇಳುವಂತಿರಲಿಲ್ಲ, ಮಾತು ಬಿಟ್ಟಾಗಿತ್ತು. ಅವಳು ಆ ಹೊತ್ತಿಗೆ ಚಪ್ಪರದ ಮೂಲೆಗೆ ಮೂರು ಕಲ್ಲು ತಂದು ಹಾಕಿದ್ದಳು. ಚಾಪೆ ಸುತ್ತಿಟ್ಟಿದ್ದಳು.

"ಅಮ್ಮ, ನನ್ನ ದಿಂಬೂ ತಗೋ" ಎಂದಳು ಮಗಳು. "ಮಗ್ಗಿ ಅಲ್ಲಿ ಗಟ್ಟಿಯಾಗಿ ಹೇಳಬಹುದಾ?"

"ಕಿರುಚಬಹುದು."

ಪೆಟ್ಟಿಗೆ ಹೊರಬಂದದ್ದು ರಜೆಯ ದಿನ, ಮಧ್ಯಾಹ್ನ. ಬಡಗಿ ಅದನ್ನು ಒಂದು ಬದಿ ಹೊತ್ತು, ಇನ್ನೊಂದು ಬದಿ ಅತ್ತೆಗೆ ಕೊಡದೆ ಒಬ್ಬನೇ ಎಳೆದು ತಂದು ಕಿಟಕಿಯ ಕೆಳಗೆ ಇಟ್ಟ. ಉದ್ದವಾಗಿತ್ತು. ಮುಂದೆ ಜಾಲರಿ, ಬದಿಗೊಂದು ಬಾಗಿಲು, ತಳದಲ್ಲಿ ನೀರಿನ ಬಟ್ಟಲಿಗೆ ಕೊರೆದ ಗುಂಡಿ. ಚಿಕ್ಕ ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಸೌಟು ಕೈಯಲ್ಲೇ ಇತ್ತು. ಹೆಡ್ಮಾಸ್ತರು ಕುರ್ಚಿ ಹಾಕಿಸಿಕೊಂಡು ಕೂತರು.

"ಸ್ವಲ್ಪ ಎತ್ತರ ಕಾಣುತ್ತಲ್ಲೋ" ಎಂದರು.

"ಕಾಲು ಕೊಟ್ಟಿದೀನಿ ಅಣ್ಣ. ನೆಲದ ತೇವ ಹತ್ತಬಾರದಲ್ಲ."

ಅತ್ತೆ ಸಾಹುಕಾರನನ್ನು ಹಿಡಿದು ಒಳಗೆ ಬಿಟ್ಟರು. ಗೊಗ್ಗಯ್ಯನ ಹಿಂದೆ ಹಿತ್ತಿಲು ಪೂರ್ತಿ ಸುತ್ತಿ, ಬುಟ್ಟಿ ಕವುಚಿ, ಏದುಸಿರು ಬಿಡುತ್ತ ಅದನ್ನೂ ಒಳಗೆ ಹಾಕಿ ಬಾಗಿಲು ಹಾಕಿದರು. ಚಿಕ್ಕ ಸೊಸೆ ಸೌಟನ್ನು ನೆಲದ ಮೇಲಿಟ್ಟು ಒಳಗೆ ಹೋಗಿ ಚಾಪೆ ಕಂಕುಳಲ್ಲಿ ಇಟ್ಟುಕೊಂಡು ಬಂದಳು.

"ಹೋಗ್ತೀನಿ ಅತ್ತೆ. ಅನ್ನ ಆಗಿದೆ, ಬೇಳೆ ಆಗಿಲ್ಲ."

ಅವಳು ಒಂದು ಹೆಜ್ಜೆ ಇಟ್ಟಿರಬೇಕು. ಪೆಟ್ಟಿಗೆಯೊಳಗೆ ರೆಕ್ಕೆ ಬಡಿದ ಸದ್ದಾಯಿತು. ಒಂದು ಸಲ. ಇನ್ನೊಂದು ಸಲ. ಆಮೇಲೆ ಸಾಹುಕಾರ ಕೂಗಿತು.

ಅದು ಬರಿಯ ಕೂಗಲ್ಲ. ಒಳ್ಳೆಯ ಒಣಗಿದ ಹಲಗೆಯ ಪೆಟ್ಟಿಗೆ, ಕಾಲಿನ ಮೇಲೆ ನಿಂತದ್ದು, ತಳ ಟೊಳ್ಳು. ಕೂಗು ಅದರೊಳಗೆ ತಿರುಗಿ ಡೋಲು ಬಾರಿಸಿದಂತೆ ಹೊರಬಿತ್ತು. ಕಿಟಕಿಯ ಗಾಜು ಅದುರಿತು. ಬೀದಿಯಾಚೆಯ ನಾಯಿ ಬೊಗಳಿತು. ಅದು ಮುಗಿಯುವ ಮೊದಲೇ ಗೊಗ್ಗಯ್ಯ ತನ್ನ ಒಡಕು ದನಿ ಸೇರಿಸಿತು.

ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು.

"ಅಳತೆ ತಪ್ಪಿದೀಯಲ್ಲೋ!" ಎಂದರು ಹೆಡ್ಮಾಸ್ತರು, ಎದ್ದು ನಿಂತು. "ನೀನು! ಅಳತೆ ತಪ್ಪೋದೇ!"

"ತಪ್ಪಿಲ್ಲ ಅಣ್ಣ" ಎಂದ ಬಡಗಿ. "ಹೋದ ಸಲ ತಲೆ ಒತ್ತಿ ಹಿಡಿದು ಅಳೆದೆ. ಈ ಸಲ ಕತ್ತೆತ್ತಿ ಕೂಗುವಾಗ ಅಳೆದೆ."

ಅವನು ಅಣ್ಣನ ಎದುರು ಇಷ್ಟು ಉದ್ದ ಮಾತಾಡಿದ್ದನ್ನು ಅವರ ತಾಯಿಯೂ ಕೇಳಿರಲಿಲ್ಲ.

"ಬೇಕೂ ಅಂತ ಮಾಡಿದ್ಯಾ?"

"ಹೌದು. ಬೆಳಿಗ್ಗೆ ಹುಂಜ ಬಿಟ್ಟ ಮೇಲೆ ಮೊದಲಿನ ಗಿಡ್ಡ ಪೆಟ್ಟಿಗೆ ಒಡೆದು ಅದರ ಹಲಗೇನೂ ಇದಕ್ಕೇ ಹಾಕಿದೀನಿ." ಅವನು ಪೆಟ್ಟಿಗೆಯ ಮೇಲೆ ಅಂಗೈ ಊರಿದ. "ನೀನು ಕೊಡಿಸಿದ ಉಳಿ ಅಣ್ಣ. ಅದರಲ್ಲಿ ಏನು ಹೇಳಿದ್ರೂ ಮಾಡ್ತೀನಿ. ಮಂಚ ಮಾಡ್ಲಾ, ಕಿಟಕಿಗೆ ದಪ್ಪ ಹಲಗೆ ಹಾಕ್ಲಾ, ಕುರ್ಚಿ ಮಾಡ್ಲಾ. ಇನ್ನೊಂದು ಗಿಡ್ಡ ಪೆಟ್ಟಿಗೆ ಮಾಡಲ್ಲ. ಮತ್ತೆ ನಾಳೆಯಿಂದ ಹಗಲು ಸುತ್ತಿಗೆ ಹಿಡೀತೀನಿ. ಕೆಲಸ ಬೇರೆಯೋರ ಪಾಲಾಗ್ತಿದೆ."

"ನಿಮ್ಮಣ್ಣನಿಗೆ ಏನಾದ್ರೂ ಆದ್ರೆ?" ಎಂದು ಅತ್ತೆ ಅಳುವ ದನಿ ತೆಗೆದರು.

"ಏನೂ ಆಗಲ್ಲ ಅತ್ತೆ, ಮುಂದಿನ ಕೋಣೇಲಿ ಮಲಗಿದ್ರೆ" ಎಂದಳು ಚಿಕ್ಕ ಸೊಸೆ. "ಮೊದಲ ದಿನದಿಂದ ಹೇಳ್ತಿದೀನಿ. ಇಣುಕೋರ ಕಾಟ ಅಂದ್ರೆ ಕಿಟಕಿಗೆ ಪರದೆ ಹೊಲಿದು ಹಾಕ್ತೀನಿ, ಇವತ್ತೇ."

"ಹಾಗಾದ್ರೆ ನಾನು ಹೇಳಿದ್ದಕ್ಕೆ ಈ ಮನೇಲಿ ಬೆಲೆ ಇಲ್ಲ" ಎಂದರು ಹೆಡ್ಮಾಸ್ತರು, ಹೆಂಡತಿ ನಿಂತಿದ್ದ ಕಡೆ ತಿರುಗಿ, ಅಲ್ಲಾದರೂ ಒಂದು ಹೌದು ಸಿಗಬಹುದೆಂದು.

ದೊಡ್ಡ ಸೊಸೆ ಅಲ್ಲಿರಲಿಲ್ಲ. ಹಿಂದಿನ ಕೋಣೆಯಿಂದ ಹಾಸಿಗೆ ಸುತ್ತುವ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅದನ್ನು ಎದೆಗೆ ಅವುಚಿಕೊಂಡು ಹೊರಬಂದರು.

"ನೀನೂನಾ?" ಎಂದರು ಹೆಡ್ಮಾಸ್ತರು.

"ಬೆಲೆ ಇದೆ. ಅದಕ್ಕೇ ಒಳ್ಳೆ ಕಡೆ ಹಾಸ್ತಿದೀನಿ" ಎಂದರು ಆಕೆ. "ಆದ್ರೆ ಆ ಹುಂಜ ಕೂಗ್ಲಿ ಬಿಡಿ. ನಂಗೆ ಬೇಕು."

ಹೆಡ್ಮಾಸ್ತರು ಹೆಂಡತಿಯ ಮುಖ ನೋಡಿದರು. ಹಾಸಿಗೆ ಭಾರವಾಗಿತ್ತು. ಅವರೇ ಮುಂದೆ ಬಂದು ಅದರ ಒಂದು ತುದಿ ಹಿಡಿದರು.

"ನೀವು ಭಾರ ಎತ್ತಬಾರದು" ಎಂದರು ಆಕೆ.

"ಸುಮ್ನೆ ನಡಿ."

ಚಿಕ್ಕ ಸೊಸೆ ಪೆಟ್ಟಿಗೆಯ ಬಾಗಿಲು ತೆಗೆದಳು. ಗೊಗ್ಗಯ್ಯ ಓಡಿತು. ಸಾಹುಕಾರನಿಗೆ ಒಳಗೆ ಹಿಡಿಸಿತ್ತು. ಅದು ಇನ್ನೊಂದು ಸಲ ಕೂಗಿ ಪರೀಕ್ಷೆ ಮಾಡಿಯೇ ಹೊರಬಂತು. ಆ ಪೆಟ್ಟಿಗೆ ಆಮೇಲೆ ಬೋಳಿಗೂ ಅದರ ಉಳಿದ ಮರಿಗಳಿಗೂ ಮನೆಯಾಯಿತು.

ಮಾರನೆಯ ಬೆಳಿಗ್ಗೆ ಹೆಡ್ಮಾಸ್ತರು ಊಟದ ಮನೆಗೆ ಬಂದು, ಬೀದಿಯಲ್ಲಿ ಹಾಲಿನ ಗಾಡಿಯ ಕಾಟ ಎಂದು ದೂರಿದರು. ಚಿಕ್ಕ ಸೊಸೆ ಅವರ ತಟ್ಟೆಗೆ ಬೇಯಿಸಿದ ಎರಡು ಮೊಟ್ಟೆ ಇಟ್ಟಳು. ಅವರು ಹಳದಿಗಳನ್ನು ಹುಡುಗಿಯ ತಟ್ಟೆಗೆ ದಾಟಿಸಿದರು. ಅತ್ತೆ ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದರು. ಆದರೆ ಕುಕ್ಕರನ್ನು ಮೇಲಿನ ಹಲಗೆಯಿಂದ ಇಳಿಸಿ ಒಲೆಯ ಪಕ್ಕ ಇಟ್ಟವರು ಅವರೇ.

ಮಧ್ಯಾಹ್ನ ಬಡಗಿ ಊಟಕ್ಕೆ ಕೂತಾಗ ಅವಳು ಮೊದಲು ಅನ್ನ ಬಡಿಸಿದಳು, 'ಬೇಳೆ?' ಎಂದು ಕೇಳಿದಳು, ಮುಗಿಯುವವರೆಗೆ ಕಾದಳು. ಅವನು ತಲೆ ಎತ್ತಿ ನೋಡಿದ. ಅವಳು ಸೊಪ್ಪಿನ ಪಾತ್ರೆ ತರಲು ತಿರುಗಿದಳು.

ಕೈ ತೊಳೆಯಲು ಹಿತ್ತಿಲಿಗೆ ಬಂದಾಗ ಮಗಳು ಚೌಕಟ್ಟಿನ ಮುಂದೆ ಬಗ್ಗಿ ನಿಂತಿದ್ದಳು.

"ಅಪ್ಪ, ಈ ಕೆಳಗಿನ ಗೆರೆ ಯಾರದು? ನಾನು ಇಷ್ಟು ಕುಳ್ಳಿ ಇರಲಿಲ್ಲ."

"ಸಾಹುಕಾರನದು."

ಚಿಕ್ಕ ಸೊಸೆ ಬಂದು ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ತಿರುಗಿ, ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು.

"ನಂದೂ ಒಂದು ಹಾಕಿ" ಎಂದಳು.

ಬಡಗಿ ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದ. ಅವಳ ತಲೆಯ ಮೇಲೆ ಮೂಲೆಮಟ್ಟ ಇಟ್ಟವನು ಗೆರೆ ಎಳೆಯದೆ ಕಾದ.

"ನೆಟ್ಟಗೆ ನಿಂತ್ಕೊ."

"ನಿಂತಿದೀನಲ್ಲ."

"ಇನ್ನೂ ಸ್ವಲ್ಪ" ಎಂದ ಅವನು. "ಕತ್ತೆತ್ತು."